ಟ್ರೈಲರ್ ಕಟ್ಟಿದರೆ ಸೋಲುವ ಡೀಸೆಲ್ ಪಿಕಪ್: ತಪ್ಪು ಹಿಂದಿನ ಆಕ್ಸಲ್ ರೇಶಿಯೋದ್ದೇ, ಬೇರೆ ಯಾವುದರದ್ದೇ?

ಖಾಲಿ ಗಾಡಿ ಗಂಟೆಗೆ 75 ಮೈಲಿಯಲ್ಲೂ ಆರಾಮಾಗಿ ಓಡುತ್ತದೆ. ಹಿಂದೆ ನಾಲ್ಕು ಟನ್ನಿನ ಟ್ರೈಲರ್ ಕಟ್ಟಿ ಸಣ್ಣ ಏರು ಹತ್ತಿಸಿದರೆ ಸಾಕು, ಎಂಜಿನ್ ನರಳುತ್ತದೆ. ಗೇರ್‌ಬಾಕ್ಸ್ ಮೂರಕ್ಕೂ ನಾಲ್ಕಕ್ಕೂ ನಡುವೆ ಓಲಾಡುತ್ತದೆ, ಎಕ್ಸಾಸ್ಟ್ ಬಿಸಿ ಅಳೆಯುವ ಪೈರೋಮೀಟರ್ ಮುಳ್ಳು ಕೆಂಪಿನತ್ತ ಸರಿಯುತ್ತದೆ. ಇದನ್ನು ಕಂಡವರೆಲ್ಲ ಹೇಳುವ ಮಾತು ಒಂದೇ: "ರೇಶಿಯೋ ಸಾಲದು, 4.10 ಹಾಕಿಸಿ." ಮಾತು ಕೆಲವೊಮ್ಮೆ ನಿಜ. ಆದರೆ ಕ್ರೌನ್ ಪಿನಿಯನ್ (ಈ ರೇಶಿಯೋ ನಿರ್ಧರಿಸುವ, ಆಕ್ಸಲ್ ಒಳಗಿನ ಜೋಡಿ ಗೇರು) ಬದಲಿಸುವುದು ಈ ದೋಷಕ್ಕಿರುವ ಮದ್ದುಗಳಲ್ಲೇ ಅತ್ಯಂತ ದುಬಾರಿ. ನಾಲ್ಕು ಚಕ್ರ ಎಳೆಯುವ ಗಾಡಿಯಾದರೆ ಖರ್ಚು ಎರಡು ಪಟ್ಟು. ಅದಕ್ಕೆ ಮೊದಲು ಟೇಪು, ಸೀಮೆಸುಣ್ಣ, ಕ್ಯಾಲ್ಕುಲೇಟರ್ ಹಿಡಿದು ಮಾಡಬೇಕಾದ ಕೆಲಸ ಒಂದಿಷ್ಟಿದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಅಮೆರಿಕದ ರಸ್ತೆಗಳಲ್ಲಿ ಈಗಲೂ ಬೇಕಾದಷ್ಟು ಕಾಣಸಿಗುವ ಗಾಡಿ: 2001ರ ಡಾಡ್ಜ್ ರ‍್ಯಾಮ್ 2500, 5.9 ಲೀಟರಿನ 24 ವಾಲ್ವ್ ಕಮಿನ್ಸ್ ಎಂಜಿನ್, ನಾಲ್ಕು ಗೇರಿನ 47ಆರ್‌ಇ ಆಟೊಮ್ಯಾಟಿಕ್, 3.54 ಆಕ್ಸಲ್, 265/75ಆರ್16 ಟೈರು. ಫೋರ್ಡ್, ಜಿಎಂ ಗಾಡಿಗಳಿಗೂ ಲೆಕ್ಕದ ದಾರಿ ಇದೇ, ಅಂಕಿ ಮಾತ್ರ ಬೇರೆ. ನಮ್ಮ ಗ್ಯಾರೇಜುಗಳಲ್ಲಿ ಕ್ರೌನ್ ಎನ್ನುವುದನ್ನು ಅಲ್ಲಿ ರಿಂಗ್ ಗೇರ್ ಎನ್ನುತ್ತಾರೆ. ಪಿನಿಯನ್ ಎರಡೂ ಕಡೆ ಪಿನಿಯನ್ನೇ.

ಅಂಕಿಯ ಅರ್ಥ

3.54 ಅಂದರೆ ಚಕ್ರ ಒಂದು ಸುತ್ತು ಬರಲು, ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ 3.54 ಸುತ್ತು ತಿರುಗಬೇಕು. ಕ್ರೌನಿನಲ್ಲಿ 39 ಹಲ್ಲು, ಪಿನಿಯನ್ನಿನಲ್ಲಿ 11. ಅದೇ 3.73 ಎಂದರೆ 41ಕ್ಕೆ 11, 4.10 ಎಂದರೆ 41ಕ್ಕೆ 10. ಅಂಕಿ ದೊಡ್ಡದಾದಷ್ಟೂ ಚಕ್ರಕ್ಕೆ ಸಿಗುವ ತಿರುಚು ಬಲ ಹೆಚ್ಚು, ಅದೇ ವೇಗಕ್ಕೆ ಎಂಜಿನ್ ತಿರುಗುವುದೂ ಹೆಚ್ಚು. "ಹೈ ರೇಶಿಯೋ", "ಲೋ ರೇಶಿಯೋ" ಎಂಬ ಮಾತುಗಳನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ಬಿಡಿಭಾಗ ತರಿಸುವಾಗ ಅಂಕಿಯನ್ನೇ ಹೇಳಿ.

3.54ರಿಂದ 4.10ಕ್ಕೆ ಹೋದರೆ ಸಿಗುವ ಲಾಭ ಸುಮಾರು ನೂರಕ್ಕೆ 16. ಅದೇ ಗಾಡಿಯಲ್ಲಿ ಓವರ್‌ಡ್ರೈವಿನಿಂದ (ನಾಲ್ಕನೆಯ ಗೇರು, 0.69) ಮೂರನೆಯ ಗೇರಿಗೆ (1.00) ಇಳಿದರೆ ನೂರಕ್ಕೆ 45. ಎರಡನೆಯದಕ್ಕೆ ಒಂದು ಗುಂಡಿ ಒತ್ತಿದರಾಯಿತು. ಓವರ್‌ಡ್ರೈವಿನಲ್ಲೇ ಏರು ಹತ್ತಬೇಕೆಂದು ಹಟ ಹಿಡಿದು ಆಕ್ಸಲನ್ನು ಬೈಯುವವರ ಗಾಡಿಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಡ್ರೈವರ್ ಸೀಟಿನಲ್ಲಿದೆ.

ಮೊದಲ ಅಳತೆ: ಆಕ್ಸಲ್ ಒಳಗೆ ನಿಜವಾಗಿ ಏನಿದೆ

ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಇದ್ದು ಎರಡು ಚಕ್ರಗಳಿಗೆ ಬಲ ಹಂಚುವ ಗೇರು ಡಬ್ಬಿ) ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಬಿಲ್ಲೆಯಲ್ಲಿ ರೇಶಿಯೋ ಬರೆದಿರುತ್ತದೆ. ಜಿಎಂ ಗಾಡಿಯ ಗ್ಲೋವ್ ಬಾಕ್ಸಿನಲ್ಲಿ ಅಂಟಿಸಿದ ಚೀಟಿಯಲ್ಲಿ ಜಿಯು6 ಎಂದಿದ್ದರೆ 3.42, ಜಿಟಿ4 ಎಂದಿದ್ದರೆ 3.73, ಜಿಟಿ5 ಎಂದಿದ್ದರೆ 4.10. ಫೋರ್ಡಿನಲ್ಲಿ ಬಾಗಿಲ ಚೌಕಟ್ಟಿನ ಲೇಬಲ್ ಮೇಲೆ ಆಕ್ಸಲ್ ಸಂಕೇತ ಇರುತ್ತದೆ. ಇವೆಲ್ಲ ಕಾರ್ಖಾನೆಯಿಂದ ಹೊರಟ ದಿನದ ಮಾತು. ಎರಡು ಮೂರು ಕೈ ಬದಲಾದ ಗಾಡಿಯಲ್ಲಿ ಬಿಲ್ಲೆಯನ್ನು ನಂಬಬೇಡಿ, ಎಣಿಸಿ ನೋಡಿ.

ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಎರಡೂ ಬದಿ ಅಡ್ಡಗಟ್ಟೆ ಕೊಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಆದ್ದರಿಂದ ಅವು ಮೇಲೆದ್ದ ಮೇಲೆ ಗಾಡಿಯನ್ನು ಹಿಡಿದಿಡುವುದು ಈ ಅಡ್ಡಗಟ್ಟೆಗಳು ಮಾತ್ರ. ಹಿಂದಿನ ಆಕ್ಸಲನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಶಾಫ್ಟಿಗೂ ಟೈರಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಚಕ್ರವನ್ನು ಹತ್ತು ಸುತ್ತು ತಿರುಗಿಸಿ ಶಾಫ್ಟ್ ಸುತ್ತು ಎಣಿಸಿ. ಸಾಮಾನ್ಯ ಡಿಫರೆನ್ಷಿಯಲ್ ಆದರೆ ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಇಪ್ಪತ್ತು ಸುತ್ತು ತಿರುಗಿಸಬೇಕು. ಶಾಫ್ಟ್ 35 ಮತ್ತರ್ಧದ ಹತ್ತಿರ ನಿಂತರೆ 3.54, 37 ದಾಟಿ ಕಾಲು ಸುತ್ತು ಹೋದರೆ 3.73, 41ಕ್ಕೆ ನಿಂತರೆ 4.10. ಒಂದೇ ಸುತ್ತು ತಿರುಗಿಸಿ ನೋಡಿದರೆ 3.54ಕ್ಕೂ 3.73ಕ್ಕೂ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ, ಹತ್ತು ಸುತ್ತಿನ ಕಷ್ಟ ಅದಕ್ಕೇ.

ಎರಡನೆಯ ಅಳತೆ: ಟೈರು

ಹೆಚ್ಚಿನ ಗಾಡಿಗಳಲ್ಲಿ ರೇಶಿಯೋ ಕೆಟ್ಟಿರುವುದು ಆಕ್ಸಲ್ ಒಳಗಲ್ಲ, ಟೈರಿನಲ್ಲಿ. 265/75ಆರ್16 ಟೈರಿನ ವ್ಯಾಸ ಸುಮಾರು 31.6 ಇಂಚು. ಚೆಂದಕ್ಕೆಂದು 315/75ಆರ್16 ಹಾಕಿದರೆ 34.6 ಇಂಚು. ಚಕ್ರ ದೊಡ್ಡದಾದಷ್ಟೂ ರೇಶಿಯೋ ಚಿಕ್ಕದಾದಂತೆ. 3.54 ಆಕ್ಸಲ್ ಈಗ 3.24ರಂತೆ ನಡೆದುಕೊಳ್ಳುತ್ತದೆ. ಅಂಥ ರೇಶಿಯೋ ಹಾಕಿ ಈ ಗಾಡಿಯನ್ನು ಕಾರ್ಖಾನೆಯೇ ಮಾರುತ್ತಿರಲಿಲ್ಲ. ಹಳೆಯ ಎಳೆತ ಮರಳಿ ಬರಬೇಕಾದರೆ ಲೆಕ್ಕ ಹೀಗೆ: ಹೊಸ ವ್ಯಾಸವನ್ನು ಹಳೆಯ ವ್ಯಾಸದಿಂದ ಭಾಗಿಸಿ, ಹಳೆಯ ರೇಶಿಯೋದಿಂದ ಗುಣಿಸಿ. ಇಲ್ಲಿ 3.87 ಬರುತ್ತದೆ. ಆ ಅಂಕಿಯ ಗೇರು ಅಂಗಡಿಯಲ್ಲಿ ಸಿಗುವುದಿಲ್ಲ, 4.10 ಹಾಕಿದರೆ ಅದು 3.75ರಂತೆ ಕೆಲಸ ಮಾಡುತ್ತದೆ. ಅಗ್ಗದ ದಾರಿ ಹಳೆಯ ಅಳತೆಯ ಟೈರಿಗೆ ಮರಳುವುದು. ಹೇಳಿದರೆ ಯಾರಿಗೂ ರುಚಿಸುವುದಿಲ್ಲ, ಅದು ಬೇರೆ ಮಾತು.

ಟೈರಿನ ಬದಿಯಲ್ಲಿ ಬರೆದ ಅಳತೆಯಿಂದ ಲೆಕ್ಕ ಹಾಕಿದ ವ್ಯಾಸ ನೆಲದ ಮೇಲಿನ ನಿಜಕ್ಕಿಂತ ತುಸು ಹೆಚ್ಚೇ ಇರುತ್ತದೆ, ಭಾರಕ್ಕೆ ಟೈರು ಕುಗ್ಗುತ್ತದಲ್ಲ. ಖಚಿತ ಬೇಕಾದರೆ ಟ್ರೈಲರ್ ಕಟ್ಟಿ, ಸರಿಯಾದ ಗಾಳಿ ತುಂಬಿ, ಹಿಂದಿನ ಟೈರಿಗೆ ಗುರುತು ಹಾಕಿ ನೇರವಾಗಿ ಹತ್ತು ಸುತ್ತು ಮುಂದೆ ಉರುಳಿಸಿ. ನೆಲದ ಮೇಲೆ ಸಿಕ್ಕ ದೂರವನ್ನು ಹತ್ತರಿಂದ ಭಾಗಿಸಿದರೆ ಸುತ್ತಳತೆ, ಅದನ್ನು 3.1416ರಿಂದ ಭಾಗಿಸಿದರೆ ಕೆಲಸಕ್ಕೆ ಬರುವ ವ್ಯಾಸ.

ಮೂರನೆಯ ಅಳತೆ: ಲೆಕ್ಕದ ಆರ್‌ಪಿಎಂ, ಮೀಟರಿನ ಆರ್‌ಪಿಎಂ

ವೇಗ ಮೈಲಿಯಲ್ಲಿ, ವ್ಯಾಸ ಇಂಚಿನಲ್ಲಿ ಇದ್ದರೆ: ವೇಗ × ಆಕ್ಸಲ್ ರೇಶಿಯೋ × ಗೇರ್‌ಬಾಕ್ಸ್ ರೇಶಿಯೋ × 336 ÷ ವ್ಯಾಸ. ಕಿಲೋಮೀಟರು ಮತ್ತು ಸೆಂಟಿಮೀಟರಿನಲ್ಲಾದರೆ 336ರ ಜಾಗದಲ್ಲಿ 530 ಹಾಕಿ.

ನಮ್ಮ ಗಾಡಿ ಗಂಟೆಗೆ 65 ಮೈಲಿಯಲ್ಲಿ ಓವರ್‌ಡ್ರೈವಿನಲ್ಲಿ ಸುಮಾರು 1685 ತಿರುಗುತ್ತದೆ. 4.10 ಇದ್ದಿದ್ದರೆ 1950. 3.54 ಜೊತೆ 34.6 ಇಂಚಿನ ಟೈರಿದ್ದರೆ 1540.

ಈಗ ವೇಗವನ್ನು ಜಿಪಿಎಸ್‌ನಲ್ಲಿ ನೋಡುತ್ತ, ಸಮತಟ್ಟು ರಸ್ತೆಯಲ್ಲಿ ಅದೇ ವೇಗ ಹಿಡಿದು, ಟ್ಯಾಕೋಮೀಟರ್ ಏನು ತೋರಿಸುತ್ತದೆ ನೋಡಿ. ಟೈರು ಬದಲಾದ ಗಾಡಿಯ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಹಾಗಾಗಿ ಜಿಪಿಎಸ್. ಲೆಕ್ಕಕ್ಕಿಂತ ಮೀಟರ್ 200-300 ಹೆಚ್ಚು ತೋರಿಸಿದರೆ ರೇಶಿಯೋ ಮರೆತುಬಿಡಿ, ಟಾರ್ಕ್ ಕನ್ವರ್ಟರಿನ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಜಾರಾಟ ತಡೆಯುವ ಲಾಕ್‌ಅಪ್ ಕ್ಲಚ್ ಹಿಡಿಯುತ್ತಿಲ್ಲ. ಖಚಿತಪಡಿಸಲು, ಸ್ಥಿರ ವೇಗದಲ್ಲಿ ಬಲಗಾಲು ಆಕ್ಸಿಲರೇಟರ್ ಮೇಲೇ ಇರಲಿ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟು ಮಾತ್ರ ಮುಟ್ಟಿ. ಲಾಕ್‌ಅಪ್ ಇದ್ದರೆ ಅದು ಬಿಟ್ಟು ಆರ್‌ಪಿಎಂ ಏರಬೇಕು. ಏರಲಿಲ್ಲವೆಂದರೆ ಲಾಕ್‌ಅಪ್ ಮೊದಲೇ ಇರಲಿಲ್ಲ. ಆ ಜಾರಾಟದ ಶಕ್ತಿಯೆಲ್ಲ ಎಣ್ಣೆ ಕಾಯಿಸುವುದಕ್ಕೆ ಹೋಗುತ್ತದೆ. ಗೇರ್‌ಬಾಕ್ಸಿನ ಪ್ಯಾನಿನಲ್ಲಿ ಎಣ್ಣೆ 105 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಚ್ಚರ, 120 ಮುಟ್ಟಿದರೆ ಬದಿಗೆ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ನಡೆಯುತ್ತಿರಲಿ.

ಸಮತಟ್ಟಿನಲ್ಲೇ ಲಾಕ್‌ಅಪ್ ಹಿಡಿದು ಬಿಟ್ಟು ಮಾಡುತ್ತಿದ್ದರೆ, ಮೂರು ನಾಲ್ಕರ ನಡುವೆ ಸುಮ್ಮನೆ ಓಲಾಡುತ್ತಿದ್ದರೆ, 2001ರ ಆಸುಪಾಸಿನ ಡಾಡ್ಜ್‌ಗಳಲ್ಲಿ ಆಲ್ಟರ್ನೇಟರನ್ನು ಅನುಮಾನಿಸಬೇಕು. ಅದರ ಡಯೋಡ್ ಕೆಟ್ಟರೆ ಏರಿಳಿಯುವ ವೋಲ್ಟೇಜು ತಂತಿಗಳಿಗೆ ನುಸುಳಿ, ಆಕ್ಸಿಲರೇಟರ್ ಸೆನ್ಸರಿನ ಸಂಕೇತ ಕಲಕುತ್ತದೆ. ಎಂಜಿನ್ ನಡೆಯುತ್ತಿರುವಾಗ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿ ಮೇಲೆ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಅದೇ ಕಳ್ಳ. ಭಾರಕ್ಕೆ ಗೇರು ಸಾಲದೆ ಓಲಾಡುವುದಕ್ಕೂ ಇದಕ್ಕೂ ವ್ಯತ್ಯಾಸ ಸುಲಭ: ಖಾಲಿ ಗಾಡಿಯಲ್ಲೂ ಓಲಾಡಿದರೆ ವಿದ್ಯುತ್ತಿನ ದೋಷ, ಟ್ರೈಲರ್ ಇದ್ದಾಗ ಏರಿನಲ್ಲಿ ಮಾತ್ರ ಆದರೆ ಗೇರಿನ ಪ್ರಶ್ನೆ.

ಒಂದೇ ಏರು, ಎರಡು ಗೇರು

ಇಡೀ ತಪಾಸಣೆಯಲ್ಲಿ ಹೆಚ್ಚು ತಿಳಿಸುವ ಪರೀಕ್ಷೆ ಇದು. ಪೈರೋಮೀಟರೂ, ಟರ್ಬೋ ತುಂಬುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರೂ ಇಲ್ಲದ ಗಾಡಿಯಲ್ಲಿ ಇದನ್ನು ಮಾಡಲಾಗುವುದಿಲ್ಲ. ಅವಿಲ್ಲದೆ ಭಾರ ಎಳೆಯುವುದೂ ಅಷ್ಟೇನೂ ಜಾಣತನವಲ್ಲ.

ಅದೇ ಟ್ರೈಲರ್, ಅದೇ ಏರು, ಅದೇ ಆರಂಭದ ವೇಗ, ಉದಾಹರಣೆಗೆ 50 ಮೈಲಿ. ಮೊದಲ ಸಲ ಓವರ್‌ಡ್ರೈವಿನಲ್ಲಿ, ಎರಡನೆಯ ಸಲ ಮೂರನೆಯ ಗೇರಿನಲ್ಲಿ ಹತ್ತಿಸಿ. ಏರಿನ ಅದೇ ಗುರುತಿನ ಬಳಿ ವೇಗ, ಆರ್‌ಪಿಎಂ, ಬೂಸ್ಟ್, ಎಕ್ಸಾಸ್ಟ್ ಉಷ್ಣತೆ ಬರೆದುಕೊಳ್ಳಿ. ಟರ್ಬೋಗೆ ಮುಂಚೆ ಅಳೆದ ಎಕ್ಸಾಸ್ಟ್ 680-700 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಾಲು ಸಡಿಲಿಸಿ, ಪರೀಕ್ಷೆಗೆಂದು ಪಿಸ್ಟನ್ ಕರಗಿಸಬೇಡಿ.

ಕೆಳಗಿನ ಗೇರಿನಲ್ಲಿ ವೇಗ ಕುಸಿಯದೆ, ಎಕ್ಸಾಸ್ಟ್ ತಣ್ಣಗಾಗಿ, ಕೂಲೆಂಟ್ ಕೂಡ ಇಳಿದರೆ ಎಂಜಿನ್ ಆರೋಗ್ಯವಾಗಿದೆ. ತೊಂದರೆ ಇದ್ದದ್ದು ಗೇರಿನದ್ದು. ಕಡಿಮೆ ಸುತ್ತಿನಲ್ಲಿ ಟರ್ಬೋ ಸಾಕಷ್ಟು ಗಾಳಿ ಒದಗಿಸುವುದಿಲ್ಲ. ಅಷ್ಟು ಕಡಿಮೆ ಗಾಳಿಗೆ ಅಷ್ಟೇ ಡೀಸೆಲ್ ಸುರಿದರೆ ಬೆಂಕಿ ಬಿಸಿಯಾಗುತ್ತದೆ, ಹೊಗೆ ಕಪ್ಪಾಗುತ್ತದೆ. ಸುತ್ತು ಏರಿದೊಡನೆ ಗಾಳಿ, ನೀರಿನ ಪಂಪು, ಫ್ಯಾನು ಮೂರೂ ಚುರುಕಾಗುತ್ತವೆ.

ಕೆಳಗಿನ ಗೇರಿನಲ್ಲೂ ಸೋತರೆ ಯಾವ ಕ್ರೌನ್ ಪಿನಿಯನ್ನೂ ಈ ಗಾಡಿಯನ್ನು ಉಳಿಸದು. ಬೂಸ್ಟ್ 18-20 ಪಿಎಸ್‌ಐ ಹತ್ತಿರಕ್ಕೂ ಬಾರದೆ ಕಪ್ಪು ಹೊಗೆ ಬಂದರೆ ಗಾಳಿ ಸೋರುತ್ತಿದೆ. ಇಂಟರ್‌ಕೂಲರಿನ ರಬ್ಬರ್ ಹೋಸು, ಅವುಗಳ ಕ್ಲಾಂಪು ನೋಡಿ. ಟರ್ಬೋ ಬಾಯಿ ಮುಚ್ಚಿ 20 ಪಿಎಸ್‌ಐ ಗಾಳಿ ಕೊಟ್ಟು ಸಾಬೂನು ನೀರು ಹಚ್ಚಿದರೆ ತೂತು ತಾನೇ ಗುಳ್ಳೆ ಬಿಡುತ್ತದೆ. ಬೂಸ್ಟ್ ಕಡಿಮೆ, ಹೊಗೆಯೂ ಇಲ್ಲ, ಎಕ್ಸಾಸ್ಟೂ ತಣ್ಣಗಿದೆ ಎಂದರೆ ಡೀಸೆಲ್ಲೇ ಬರುತ್ತಿಲ್ಲ: ಫಿಲ್ಟರ್ ಕಟ್ಟಿದೆ ಅಥವಾ ಟ್ಯಾಂಕಿನಿಂದ ಡೀಸೆಲ್ ಕಳಿಸುವ ಲಿಫ್ಟ್ ಪಂಪ್ ಸೋತಿದೆ. ಈ ಎಂಜಿನ್‌ನಲ್ಲಿ ವಿಪಿ44 ಇಂಜೆಕ್ಷನ್ ಪಂಪಿಗೆ ಹೋಗುವ ಒತ್ತಡ 10 ಪಿಎಸ್‌ಐ ಕೆಳಗಿಳಿದರೆ ಎಳೆತದ ಚಿಂತೆ ಬಿಟ್ಟು ಮೊದಲು ಪಂಪನ್ನು ಉಳಿಸಿಕೊಳ್ಳಿ. ಡೀಸೆಲ್ ಸಾಲದೆ ಒಣಗಿ ಸಾಯುವುದು ಅದರ ಜಾಯಮಾನ. ಇನ್ನೊಂದು, ಯಾರೂ ನೋಡದ ಜಾಗ: ಟ್ರೈಲರಿನ ಬ್ರೇಕು ಬಿಡದೆ ಹಿಡಿದುಕೊಂಡಿರುವುದು. ಐದು ಮೈಲಿ ಓಡಿಸಿ ನಿಲ್ಲಿಸಿ ಒಂದೊಂದು ಹಬ್ಬಿನ ಬಳಿ ಕೈ ಹಿಡಿಯಿರಿ. ಒಂದು ಮಾತ್ರ ಉರಿಯುತ್ತಿದ್ದರೆ ಉತ್ತರ ಸಿಕ್ಕಿತು.

1600 ಎಂಬ ಅಂಕಿಯ ಮೋಸ

ಈ ಎಂಜಿನ್ ಗರಿಷ್ಠ ಟಾರ್ಕ್ (ತಿರುಚು ಬಲ) ಕೊಡುವುದು 1600 ಆರ್‌ಪಿಎಂನಲ್ಲಿ, ಗರಿಷ್ಠ ಅಶ್ವಶಕ್ತಿ 2700ರಲ್ಲಿ. "ಹಾಗಾದರೆ 1600ರಲ್ಲೇ ಓಡಿಸಬೇಕು, 3.54 ಸರಿಯಾಗಿದೆ" ಎನ್ನುವ ವಾದ ಕೇಳಲು ಚೆನ್ನಾಗಿದೆ, ರಸ್ತೆಯಲ್ಲಿ ನಿಲ್ಲುವುದಿಲ್ಲ. 1900ರಲ್ಲಿ ಓಡುತ್ತಿರುವ ಎಂಜಿನ್ ಏರಿಗೆ ಸುತ್ತು ಕಳೆದುಕೊಂಡರೆ ಟಾರ್ಕ್ ಹೆಚ್ಚುತ್ತ ಹೋಗುತ್ತದೆ, ಗಾಡಿ ತಾನೇ ಕಾಲೂರಿ ನಿಲ್ಲುತ್ತದೆ. 1600ರಲ್ಲಿ ಓಡುತ್ತಿರುವುದು ಸುತ್ತು ಕಳೆದುಕೊಂಡರೆ ಟಾರ್ಕೂ ಇಳಿಯುತ್ತದೆ, ಇನ್ನಷ್ಟು ಸುತ್ತು ಬೀಳುತ್ತದೆ, ಅದಕ್ಕೆ ಕೊನೆಯಿಲ್ಲ. ಟಾರ್ಕಿನ ಶಿಖರ ಇರುವುದು ಬೀಳುವಾಗ ಹಿಡಿದುಕೊಳ್ಳುವುದಕ್ಕೆ. ಹಾಗಾಗಿ ಭಾರ ಎಳೆಯುವಾಗ ನೀವು ದಿನವಿಡೀ ಓಡುವ ವೇಗದಲ್ಲಿ, ದಿನವಿಡೀ ಬಳಸುವ ಗೇರಿನಲ್ಲಿ, ಆ ಶಿಖರಕ್ಕಿಂತ 300-500 ಮೇಲಿರಬೇಕು. 65 ಮೈಲಿಗೆ 1950 ಕೊಡುವ 4.10 ಈ ಮಾಪನಕ್ಕೆ ಕೂಡುತ್ತದೆ, 1685 ಕೊಡುವ 3.54 ಅಂಚಿನಲ್ಲಿದೆ, ದೊಡ್ಡ ಟೈರಿನ 1540 ಶಿಖರದ ಕೆಳಗೇ ಬಿದ್ದಿದೆ.

ಏರಿನ ಲೆಕ್ಕ ಇನ್ನೂ ಸೂಕ್ಷ್ಮ. ಗಾಡಿ ಮತ್ತು ಟ್ರೈಲರ್ ಸೇರಿ 16,000 ಪೌಂಡ್, ಅಂದರೆ ಸುಮಾರು 7,250 ಕಿಲೋ ಎನ್ನೋಣ. ನೂರಕ್ಕೆ 4ರ ಏರಿನಲ್ಲಿ ಹಿಂದಕ್ಕೆಳೆಯುವ ಭಾರ 640 ಪೌಂಡ್, ಟೈರು ಉರುಳುವುದಕ್ಕೆ 175, ಎತ್ತರದ ಪೆಟ್ಟಿಗೆ ಟ್ರೈಲರಾದರೆ 45 ಮೈಲಿ ವೇಗದಲ್ಲಿ ಗಾಳಿಗೆ ಸುಮಾರು 370. ಒಟ್ಟು 1185 ಪೌಂಡ್. ವೇಗದಿಂದ ಗುಣಿಸಿ 375ರಿಂದ ಭಾಗಿಸಿದರೆ ಚಕ್ರದಲ್ಲಿ 142 ಅಶ್ವಶಕ್ತಿ ಬೇಕು, ದಾರಿಯಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಎಂಜಿನ್‌ನಲ್ಲಿ 165ರ ಹತ್ತಿರ. ಮೂರನೆಯ ಗೇರಿನಲ್ಲಿ, 45 ಮೈಲಿಯಲ್ಲಿ, 3.54 ಗಾಡಿ 1690 ತಿರುಗುತ್ತ ಹೆಚ್ಚೆಂದರೆ 148 ಕೊಡುತ್ತದೆ. 4.10 ಗಾಡಿ 1960 ತಿರುಗುತ್ತ 168ರ ಸುತ್ತ ಕೊಡುತ್ತದೆ. 4.10 ಗಾಡಿ ವೇಗ ಉಳಿಸಿಕೊಳ್ಳುತ್ತದೆ, 3.54 ಗಾಡಿ ಕುಸಿದು ಎರಡನೆಯ ಗೇರಿಗೆ ಬೀಳುತ್ತದೆ. 47ಆರ್‌ಇ ಪೆಟ್ಟಿಗೆ ಕನ್ವರ್ಟರನ್ನು ಲಾಕ್ ಮಾಡುವುದು ಮೂರು ಮತ್ತು ನಾಲ್ಕರಲ್ಲಿ ಮಾತ್ರ. ಎರಡಕ್ಕೆ ಬಿದ್ದ ಮೇಲೆ ಏರು ಮುಗಿಯುವ ತನಕ ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಎಣ್ಣೆ ಕಾಯುತ್ತಲೇ ಇರುತ್ತದೆ. ಈ ಗಾಡಿಗೆ 4.10 ಕೊಡುವ ನಿಜವಾದ ವರ ಇದು: ಮಧ್ಯಮ ಏರುಗಳನ್ನು ಲಾಕ್ ಆದ ಗೇರಿನಲ್ಲೇ ದಾಟಿಸುತ್ತದೆ.

ಅದೇ ಗಾಡಿಯನ್ನು ನೂರಕ್ಕೆ 6ರ ಏರಿಗೆ ತನ್ನಿ. ಕ್ಯಾಲಿಫೋರ್ನಿಯಾದ ಐ-5 ಹೆದ್ದಾರಿಯ ಗ್ರೇಪ್‌ವೈನ್ ಅಂಥದು. ಕೊಲೊರಾಡೊದಲ್ಲಿ ಐ-70 ಮೇಲೆ ಐಸೆನ್‌ಹೋವರ್ ಸುರಂಗಕ್ಕೆ ಹತ್ತುವ ದಾರಿ ಇನ್ನೂ ಕಡಿದು, 11,000 ಅಡಿ ದಾಟುವ ಎತ್ತರದ ತೆಳುಗಾಳಿ ಬೇರೆ. ಆರರ ಏರಿನಲ್ಲಿ 45 ಮೈಲಿ ಹಿಡಿಯಲು ಚಕ್ರದಲ್ಲಿ 180 ಬೇಕು, 235 ಅಶ್ವಶಕ್ತಿಯ ಎಂಜಿನ್ನಿಗೆ ಅದೇ ಮೇರೆ. ಎರಡೂ ಗಾಡಿಗಳು ಎರಡನೆಯ ಗೇರಿಗೆ ಇಳಿಯಲೇಬೇಕು. ಅಲ್ಲಿ 3.54 ಗಾಡಿ 2450 ತಿರುಗುತ್ತದೆ, 4.10 ಗಾಡಿ 2840. ಗಾಡಿಯ ವೇಗ ಹೆಚ್ಚುಕಮ್ಮಿ ಒಂದೇ. 60 ಮೈಲಿಯಲ್ಲಿ ಆ ಏರು ಹತ್ತಲು ಚಕ್ರದಲ್ಲೇ 285 ಬೇಕು. ಇಲ್ಲದ ಅಶ್ವಶಕ್ತಿಯನ್ನು ರೇಶಿಯೋ ಹುಟ್ಟಿಸುವುದಿಲ್ಲ.

ಯಾವುದನ್ನು ಆರಿಸಬೇಕು

ನಾಲ್ಕು ಗೇರಿನ ಆಟೊಮ್ಯಾಟಿಕ್, ವರ್ಷದಲ್ಲಿ ಅರ್ಧ ದಿನಗಳು ಟ್ರೈಲರ್, ಗುಡ್ಡಗಾಡು: 4.10. ವರ್ಷಕ್ಕೆ ಎರಡು ಸಲ ದೋಣಿ ಎಳೆದು ಉಳಿದ ದಿನ ಖಾಲಿ ಹೆದ್ದಾರಿಯಲ್ಲಿ ಓಡುವವರಿಗೆ 3.54 ಸಾಕು, ಏರಿನಲ್ಲಿ ಓವರ್‌ಡ್ರೈವ್ ಆಫ್ ಮಾಡುವುದನ್ನು ರೂಢಿಸಿಕೊಂಡರೆ ಆಯಿತು. ಆರು ಗೇರಿನ ಎನ್‌ವಿ5600 ಮ್ಯಾನ್ಯುಯಲ್ ಇದ್ದರೆ ಮೊದಲ ಗೇರೇ 5.63, ನಡುವಿನ ಮೆಟ್ಟಿಲುಗಳೂ ಹತ್ತಿರ, ಆದ್ದರಿಂದ ಆಕ್ಸಲ್ ರೇಶಿಯೋವನ್ನು ನೆಚ್ಚಬೇಕಾದದ್ದು ಕಡಿಮೆ. ಹೊಸ ಗಾಡಿಗಳಲ್ಲಿ ಗೇರು ಹೆಚ್ಚಿದಷ್ಟೂ ಈ ಪ್ರಶ್ನೆ ಮಸುಕಾಗುತ್ತದೆ. 2020ರಿಂದ ಹತ್ತು ಗೇರಿನ ಪೆಟ್ಟಿಗೆ ಬಂದ ಜಿಎಂ ಡ್ಯುರಾಮ್ಯಾಕ್ಸ್ ಪಿಕಪ್‌ಗಳು 3.42ರಲ್ಲೇ ಬರುತ್ತವೆ. ಆದರೂ ನಿಂತಲ್ಲಿಂದ ಭಾರ ಕದಲಿಸುವ ಮಾತು ಬಂದರೆ ಅಂಕಿ ಉಳಿಯುತ್ತದೆ. ರ‍್ಯಾಮ್‌ನ 68ಆರ್‌ಎಫ್‌ಇ ಪೆಟ್ಟಿಗೆಯ ಮೊದಲ ಗೇರು 3.23, ಅದಕ್ಕೆ 3.42 ಆಕ್ಸಲ್ ಸೇರಿದರೆ ಒಟ್ಟು 11. ಐಸಿನ್ ಪೆಟ್ಟಿಗೆಯ 3.75ಕ್ಕೆ 4.10 ಸೇರಿದರೆ 15ಕ್ಕೂ ಮೇಲೆ. ಇಳಿಜಾರಿನ ಅಂಗಳದಲ್ಲಿ ಹತ್ತು ಟನ್ನನ್ನು ಹಿಂದಕ್ಕೆ ತಳ್ಳುವವರಿಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಅತಿಯೂ ಬೇಡ. ಹಳೆಯ 12 ವಾಲ್ವ್ ಎಂಜಿನ್‌ನ ಗವರ್ನರ್ (ಸುತ್ತಿಗೆ ಮಿತಿ ಹಾಕುವ ಭಾಗ) 2500ರ ಆಸುಪಾಸಿನಲ್ಲೇ ಡೀಸೆಲ್ ಕಡಿತ ಶುರುಮಾಡುತ್ತದೆ. 4.10 ಜೊತೆ ಮೂರನೆಯ ಗೇರಿನಲ್ಲಿ ಅದು 57 ಮೈಲಿ ವೇಗದ ಹತ್ತಿರವೇ ಬಂದುಬಿಡುತ್ತದೆ. 4.56 ಹಾಕಿದರೆ 52. ಅಲ್ಲಿಂದ ಮೇಲಕ್ಕೆ ಓವರ್‌ಡ್ರೈವ್ ಬಿಟ್ಟರೆ ಗತಿಯಿಲ್ಲ. ದೊಡ್ಡ ಟೈರಿಲ್ಲದ ಗಾಡಿಗೆ 4.56 ಹಾಕಿಸುವುದು ಒಂದು ದೋಷ ತೆಗೆದು ಇನ್ನೊಂದನ್ನು ಕೂರಿಸಿದಂತೆ.

ಗೇರು ಬದಲಿಸಿದ್ದರಿಂದ ಬಾಗಿಲ ಚೌಕಟ್ಟಿನ ಲೇಬಲ್ ಮೇಲಿನ ತೂಕದ ಮಿತಿ ಏರುವುದಿಲ್ಲ. ಆಕ್ಸಲ್, ಬ್ರೇಕು, ಟೈರು, ಹಿಚ್ ಹಿಂದಿನವೇ.

ಬದಲಿಸುವಾಗ ಎಡವುವ ಜಾಗಗಳು

ಆಕ್ಸಲ್ ಯಾವುದೆಂದು ಮೊದಲು ಗುರುತಿಸಿ. ಡಾನಾ 80ರಲ್ಲಿ 3.73 ಮತ್ತು ಅದಕ್ಕಿಂತ ಸಣ್ಣ ಅಂಕಿಗಳಿಗೆ ಒಂದು ಡಿಫರೆನ್ಷಿಯಲ್ ಕೇಸ್ (ಕ್ರೌನ್ ಕೂರುವ ಕವಚ), 4.10 ಮತ್ತು ಮೇಲಕ್ಕೆ ಇನ್ನೊಂದು. ಡಾನಾ 60ರಲ್ಲಿ ಈ ಗಡಿ 4.10ಕ್ಕೂ 4.56ಕ್ಕೂ ನಡುವೆ. ಗಡಿ ದಾಟಿದರೆ ಹೊಸ ಕೇಸಿನ ಖರ್ಚೂ ಸೇರುತ್ತದೆ. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ ಆಕ್ಸಲಿಗೂ ಅದೇ ರೇಶಿಯೋ ಹಾಕಬೇಕು. ಹಿಂದೆ 4.10, ಮುಂದೆ 3.54 ಇಟ್ಟುಕೊಂಡು ಮರೆತು ಫೋರ್-ವೀಲ್ ಹಾಕಿದರೆ ಎರಡೂ ಆಕ್ಸಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ.

ಕ್ರೌನ್, ಪಿನಿಯನ್ ಜೋಡಿಯಾಗಿಯೇ ಬರುತ್ತವೆ, ಒಂದನ್ನು ಬಿಟ್ಟು ಇನ್ನೊಂದು ಹಾಕುವ ಹಾಗಿಲ್ಲ. ಬೇರಿಂಗ್, ಸೀಲು, ಪಿನಿಯನ್ ನಟ್, ಕ್ರೌನ್ ಬೋಲ್ಟು ಎಲ್ಲ ಹೊಸದು. ಹಳೆಯ ಶಿಮ್ (ಅಂತರ ಹೊಂದಿಸುವ ತೆಳು ಬಳೆ) ದಪ್ಪ ಅಳೆದು ಬರೆದಿಟ್ಟುಕೊಳ್ಳಿ, ಹೊಸ ಜೋಡಣೆ ಶುರುವಾಗುವುದು ಅಲ್ಲಿಂದಲೇ. ಡಾನಾ ಆಕ್ಸಲ್‌ಗಳಲ್ಲಿ ಹೊಸ ಬೇರಿಂಗಿನ ಪಿನಿಯನ್ ತಿರುಗಿಸಲು 20-40 ಇಂಚು-ಪೌಂಡ್ ಬೇಕಾಗಬೇಕು, ಹಳೆಯ ಬೇರಿಂಗಾದರೆ ಅದರ ಅರ್ಧ. ಫೋರ್ಡಿನ ಸ್ಟರ್ಲಿಂಗ್‌ನಲ್ಲಿ ಶಿಮ್ ಬದಲು ಹಿಸುಕಿಕೊಳ್ಳುವ ಸ್ಲೀವ್ ಇರುತ್ತದೆ. ನಟ್ ಒಂದು ಎಳೆ ಹೆಚ್ಚು ಬಿಗಿಯಾದರೆ ಹಿಂದಕ್ಕೆ ಸಡಿಲಿಸಿ ಸರಿಮಾಡಲು ಬರುವುದಿಲ್ಲ, ಹೊಸ ಸ್ಲೀವ್ ಹಾಕಿ ಮೊದಲಿನಿಂದ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲು) ಡಯಲ್ ಗೇಜಿನಲ್ಲಿ 0.15ರಿಂದ 0.25 ಮಿಲಿಮೀಟರ್, ಕ್ರೌನಿನ ಸುತ್ತ ನಾಲ್ಕು ಕಡೆ ನೋಡಬೇಕು.

ಬಣ್ಣ ಹಚ್ಚಿ ಹಲ್ಲಿನ ಗುರುತು ನೋಡುವಾಗ ಎರಡು ಮಾತು ನೆನಪಿಡಿ. ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಕ್ರೌನಿಗೆ ಅತಿಯಾಗಿ ಹತ್ತಿರ ಇದೆ, ತುದಿಗೆ ಏರಿದ್ದರೆ ದೂರ ಇದೆ. ಇದು ಶಿಮ್‌ನ ಕೆಲಸ. ಗುರುತು ಹಲ್ಲಿನ ಉದ್ದಕ್ಕೆ ಒಳತುದಿ, ಹೊರತುದಿಯ ಕಡೆ ಸರಿದಿದ್ದರೆ ಅದನ್ನು ಹೆಚ್ಚಾಗಿ ಬ್ಯಾಕ್‌ಲ್ಯಾಶ್ ಸರಿಮಾಡುತ್ತದೆ. ಭಾರ ಬಿದ್ದಾಗ ಗುರುತು ಹೊರತುದಿಯತ್ತ ಜರುಗುತ್ತದೆ, ಹಾಗಾಗಿ ಎಳೆಯುವ ಗಾಡಿಯಲ್ಲಿ ಅದು ನಡುವಿನಲ್ಲಿ ಅಥವಾ ಕೂದಲೆಳೆಯಷ್ಟು ಒಳಕ್ಕೆ ನಿಂತಿದ್ದರೆ ಒಳ್ಳೆಯದು.

ಬದಲಿಸಿದ ಮೇಲೆ ಬರುವ ಸದ್ದುಗಳು

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕುಯ್‌ಗುಟ್ಟಿದರೆ ಹೆಚ್ಚಾಗಿ ಪಿನಿಯನ್ನಿನ ಆಳ ತಪ್ಪಿದೆ, ಮುಚ್ಚಳ ತೆಗೆದು ಮತ್ತೆ ಬಣ್ಣ ಹಚ್ಚಬೇಕು. ಕಾಲು ತೆಗೆದಾಗ ಮಾತ್ರ ಬಂದರೆ ಪಿನಿಯನ್ ಬೇರಿಂಗಿನ ಬಿಗಿ ಹೋಗಿದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಫ್ಲ್ಯಾಂಜನ್ನು ಹಿಡಿದು ಹಿಂದೆ ಮುಂದೆ ಎಳೆಯಿರಿ, ಒಂದಿಷ್ಟಾದರೂ ಆಡಿದರೆ ಓಡಿಸಬೇಡಿ. ತಿರುವಿನಲ್ಲಿ ಮಾತ್ರ ಕಟಕಟ ಅಂದು ನಡುಗಿದರೆ ಲಿಮಿಟೆಡ್ ಸ್ಲಿಪ್ಪಿನ ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್ ಹಾಕಿಲ್ಲ. ಖಾಲಿ ಜಾಗದಲ್ಲಿ ಎಂಟರ ಆಕಾರದಲ್ಲಿ ಹತ್ತಾರು ಸುತ್ತು ಓಡಿಸಿದರೆ ಸೇರಿಕೊಳ್ಳುತ್ತದೆ. ಗೇರು ಹಾಕುವಾಗ ಒಂದೇ ಸಲ ಠಣ್ ಎಂದರೆ ಕ್ರೌನಿಗಿಂತ ಮೊದಲು ಶಾಫ್ಟಿನ ಕ್ರಾಸ್ (ಕೀಲು) ನೋಡಿ.

ಸದ್ದಿಲ್ಲ, ಆದರೆ 60 ಮೈಲಿ ದಾಟಿದರೆ ಸೀಟು ನಡುಗುತ್ತದೆ ಎನ್ನುವ ದೂರು ಬಂದರೆ ಗೇರು ಕೂರಿಸಿದವರನ್ನು ಬೈಯುವ ಮೊದಲು ಶಾಫ್ಟಿನ ವೇಗ ಲೆಕ್ಕ ಹಾಕಿ. 65 ಮೈಲಿಯಲ್ಲಿ 3.54 ಇದ್ದಾಗ ಶಾಫ್ಟ್ 2440 ಸುತ್ತುತ್ತಿತ್ತು, ಈಗ 2830. ಇಷ್ಟು ದಿನ ಸುಮ್ಮನಿದ್ದ ಸವೆದ ಕ್ರಾಸ್, ಸೆಂಟರ್ ಬೇರಿಂಗ್, ತುಸು ಬಾಗಿದ ಶಾಫ್ಟ್ ಈಗ ಬಾಯಿ ಬಿಡುತ್ತವೆ.

ಸ್ಪೀಡೋಮೀಟರ್ ತಪ್ಪು ತೋರಿಸುವುದು ಸೆನ್ಸರ್ ಎಲ್ಲಿದೆ ಎಂಬುದರ ಮೇಲೆ. ಗೇರ್‌ಬಾಕ್ಸಿನ ಬಾಲದಲ್ಲಿದ್ದರೆ ಟೈರು ಬದಲಾದರೂ ರೇಶಿಯೋ ಬದಲಾದರೂ ಲೆಕ್ಕ ತಪ್ಪುತ್ತದೆ. ಹಿಂದಿನ ಆಕ್ಸಲಿನಲ್ಲಿ, ಕ್ರೌನಿನ ಜೊತೆ ತಿರುಗುವ ಹಲ್ಲಿನ ಬಳೆಯನ್ನು ಓದುತ್ತಿದ್ದರೆ ಟೈರು ಬದಲಾದರೆ ಮಾತ್ರ. ಎರಡರಲ್ಲೂ ಕಂಪ್ಯೂಟರಿಗೆ ಹೊಸ ಅಂಕಿ ಕೊಡದಿದ್ದರೆ ಗೇರು ಬದಲಾಗುವ ಹೊತ್ತು ಹದ ತಪ್ಪಬಹುದು.

ಹೊಸ ಗೇರು ಹಾಳಾಗುವುದು ಮೊದಲ ದಿನದ ಬಿಸಿಗೆ. ಖಾಲಿ ಗಾಡಿಯನ್ನು 15-20 ಮೈಲಿ ಮೆಲ್ಲಗೆ ಓಡಿಸಿ ಅರ್ಧ ಗಂಟೆ ತಣಿಸಿ, ಇದನ್ನು ಎರಡು ಮೂರು ಸಲ ಮಾಡಿ. ಮೊದಲ 500 ಮೈಲಿ ಟ್ರೈಲರ್ ಬೇಡ. ಆಮೇಲೆ ಎಣ್ಣೆ ಬದಲಿಸಿ, ಮುಚ್ಚಳದ ಮ್ಯಾಗ್ನೆಟ್ ನೋಡಿ. ಬೂದುಬಣ್ಣದ ಕೆಸರು ಸಹಜ, ಚೂರು ಸಿಕ್ಕರೆ ಅಲ್ಲೇ ನಿಲ್ಲಿಸಿ. ಮೊದಲ ಸಲ ಟ್ರೈಲರ್ ಕಟ್ಟಿದಾಗಲೂ 15 ಮೈಲಿಗೊಮ್ಮೆ ನಿಂತು ತಣಿಸುತ್ತ 45 ಮೈಲಿ ಕಳೆಯಿರಿ. ಮುಚ್ಚಳ ಹಾಕುವಾಗ ಆಕ್ಸಲಿನ ಉಸಿರು ಕೊಳವೆಯನ್ನೂ ಬಾಯಿಂದ ಊದಿ ನೋಡಿ. ಅದು ಕಟ್ಟಿದ್ದರೆ ಬಿಸಿ ಎಣ್ಣೆ ಸೀಲಿನಿಂದ ಹೊರಬಂದು ಹಿಂದಿನ ಬ್ರೇಕ್ ಲೈನರನ್ನು ನೆನೆಸುತ್ತದೆ, ಇಳಿಜಾರಿನಲ್ಲಿ ಅದು ಗೊತ್ತಾಗುವುದು ಬೇಡ.